ಬ್ರೇಕಿಗೆ ಬಿಟ್ಟ ನಾಲ್ಕು ಸಾವಿರ

ಸಾನ್ ರಾಮೋನ್, ಮಿಂಡೊರೊ ದ್ವೀಪ
4 ಅಕ್ಟೋಬರ್ 1993

ಟೀಚರಮ್ಮ ರುಫೀನಾ ಮಲಬನನ್ ಅವರಿಗೆ,

ನಾನು ಮೆಲ್ಚೋರ್ ಫಬೆಲಾ. ಶನಿವಾರ ಹಡಗಿನಲ್ಲಿ ಕೆಲಸ ಮಾಡೋ ನಮ್ಮ ಸೆಸಾರಣ್ಣನ ಜೊತೆ ಲಿಪಾಕ್ಕೆ ಬಂದು, ನಿಮ್ಮ ಜೀಪಿನ ಸುತ್ತ ಮೂರು ಸುತ್ತು ಹಾಕಿ, ಮೂರು ಲೋಟ ಕಾಫಿ ಕುಡಿದು ಹೋದೆನಲ್ಲ, ಅವನೇ. ನನಗೆ ಬರವಣಿಗೆ ಗಿರವಣಿಗೆ ಬರಲ್ಲ, ಮಾತಾಡೋ ಹಾಗೇ ಬರೀತೀನಿ. ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಬೇಡಿ, ನಿಮಗೆ ಪುಣ್ಯ ಬರುತ್ತೆ. ನಮ್ಮೂರಿಗೆ ಇನ್ನೂ ಫೋನು ಬಂದಿಲ್ಲ. ಮತ್ತೆ ಹಡಗು ಹತ್ತಿ ಬರೋದಕ್ಕಿಂತ ಅಂಚೆಚೀಟಿ ಅಗ್ಗ.

ನೀವು ತೊಂಬತ್ತೈದು ಸಾವಿರ ಪೆಸೊ ಅಂದ್ರಿ. ಅಯ್ಯೋ ಟೀಚರಮ್ಮ! ಆ ಜೀಪಿಗೆ ಒಂಬತ್ತು ವರ್ಷ. ಮೈಯೆಲ್ಲ ಸ್ಟೀಲು, ತುಕ್ಕು ಹಿಡಿದಿಲ್ಲ, ಒಪ್ಪಿದೆ. ಆದರೆ ಎಂಜಿನ್ನು ಬೆಳಿಗ್ಗೆ ಎದ್ದ ಮುದುಕನ ಹಾಗೆ ಕೆಮ್ಮುತ್ತೆ. ಅರವತ್ತು ಸಾವಿರ, ಇದು ನನ್ನ ಮಾತು.

ಹತ್ತು ವರ್ಷದಿಂದ ಇನ್ನೊಬ್ಬರ ಜೀಪು ಓಡಿಸ್ತಿದೀನಿ. ಹೆಂಡತಿ ಲೂರ್ದೆಸ್‌ಗೆ ಡಿಸೆಂಬರಿಗೆ ಹೆರಿಗೆ. ಮಗು ಕಣ್ಣು ಬಿಡೋ ಹೊತ್ತಿಗೆ ಮನೆ ಮುಂದೆ ನಮ್ಮದೇ ಜೀಪು ನಿಂತಿರಬೇಕು ಅಂತ ಅವಳ ಹಟ. ನನ್ನದೂ ಅಂದುಕೊಳ್ಳಿ. ಇನ್ನೊಂದು ಮಾತು. ನಿಮ್ಮ ಜೀಪಿಗೆ ನಾನೇ ಮೊದಲ ಗಿರಾಕಿ ಅಂತ ನೀವೇ ಹೇಳಿದ್ರಿ. ಮೊದಲ ಗಿರಾಕೀನ ಬರಿಗೈಲಿ ಕಳಿಸಿದರೆ ಆಮೇಲೆ ಒಬ್ಬನೂ ಬರಲ್ಲ, ಮೀನು ಮಾರೋ ಹೆಂಗಸರಿಗೂ ಇದು ಗೊತ್ತು.

ನಿಮ್ಮ
ಮೆಲ್ಚೋರ್


ಲಿಪಾ, ಬತಾಂಗಾಸ್
13 ಅಕ್ಟೋಬರ್ 1993

ಮೆಲ್ಚೋರ್ ಫಬೆಲಾ ಅವರಿಗೆ,

ನಿಮ್ಮ ಪತ್ರ ತಲುಪಿತು. ತಪ್ಪುಗಳು ಹನ್ನೊಂದು. ಕೆಂಪು ಶಾಯಿ ಮುಟ್ಟಲಿಲ್ಲ.

ಅರವತ್ತು ಸಾವಿರಕ್ಕೆ ನನ್ನ ಕೋಳಿಗೂಡು ಸಿಗಬಹುದು, ಅದೂ ಕೋಳಿಗಳಿಲ್ಲದೆ. ನನ್ನ ಗಂಡ ಫ್ಲೊರೆನ್ಸಿಯೊ ಆ ಜೀಪನ್ನು ದಿನಕ್ಕೆರಡು ಸಲ ಒರೆಸುತ್ತಿದ್ದರು. ನನ್ನ ಸಂಬಳದಲ್ಲಿ ಕೊಂಡದ್ದರಿಂದ ನೋಂದಣಿ ಮೊದಲಿನಿಂದಲೂ ನನ್ನ ಹೆಸರಿನಲ್ಲಿದೆ. ಆದರೆ ಓಡಿಸಲು ನನಗೆ ಬಾರದು. ಕಳೆದ ವರ್ಷ ಅವರು ತೀರಿಕೊಂಡ ಮೇಲೆ ಅದು ನಿಂತಲ್ಲೇ ನಿಂತಿದೆ.

ಮೂವತ್ತಾರು ವರ್ಷ ಪಾಠ ಹೇಳಿದವಳು ನಾನು, ಮುಚ್ಚಿಟ್ಟು ಮಾರಲಾರೆ. ಹಿಂದಿನ ಚಕ್ರಗಳ ಬ್ರೇಕು ಸವೆದಿದೆ. ಇಳಿಜಾರಿನಲ್ಲಿ ಪೆಡಲನ್ನು ಎರಡು ಸಲ ತುಳಿಯಬೇಕು ಎಂದು ಅವರು ಹೇಳುತ್ತಿದ್ದರು. ರಿಪೇರಿಗೆ ನಾಲ್ಕು ಸಾವಿರವಾಗುತ್ತದೆ ಎಂದು ಇಲ್ಲಿನ ಮೆಕ್ಯಾನಿಕ್ ಹೇಳಿದ್ದಾನೆ. ಇದನ್ನು ತಿಳಿದೇ ಬೆಲೆ ಹೇಳಿ. ನನ್ನದು ತೊಂಬತ್ತು.

ರುಫೀನಾ ಮಲಬನನ್


ಸಾನ್ ರಾಮೋನ್
23 ಅಕ್ಟೋಬರ್ 1993

ಟೀಚರಮ್ಮ,

ನಿಮ್ಮಂಥವರು ಇರೋದರಿಂದಲೇ ಇನ್ನೂ ಮಳೆ ಬೆಳೆ ಆಗ್ತಿದೆ. ಆದರೆ ವ್ಯಾಪಾರ ನಿಮ್ಮ ಕೆಲಸ ಅಲ್ಲ! ಕೆಳಗೆ ಮಲಗಿ ನೋಡಿದಾಗಲೂ ನನಗೆ ಬ್ರೇಕಿನ ವಿಷಯ ತಿಳಿದಿರಲಿಲ್ಲ. ನೀವಾಗೇ ಬಾಯಿ ಬಿಟ್ಟಿರಿ. ಲೂರ್ದೆಸ್‌ಗೆ ಓದಿ ಹೇಳಿದೆ, ಹೊಟ್ಟೆ ಹಿಡಕೊಂಡು ನಕ್ಕಳು. "ಆ ಅಮ್ಮನಿಗೆ ಮೋಸ ಮಾಡಬೇಡ ಕಣೋ" ಅಂದಳು. ಮೋಸ ಎಲ್ಲಿ ಬಂತು? ಲೆಕ್ಕ ಅಷ್ಟೇ.

ಬ್ರೇಕಿಗೆ ನಾಲ್ಕು, ಟೈರಿಗೆ ಐದು, ಸೀಟಿಗೆ ಎರಡು. ಕೆಮ್ಮಿಗೆ ಎಷ್ಟು ಅಂತ ನೀವೇ ಹೇಳಿ. ಎಲ್ಲಾ ಅಳೆದು ತೂಗಿ ಎಪ್ಪತ್ತು ಕೊಡ್ತೀನಿ. ಇದಕ್ಕಿಂತ ಒಂದು ಪೆಸೊ ಜಾಸ್ತಿ ಕೊಟ್ಟರೆ ನನ್ನ ಹೆಸರು ಮೆಲ್ಚೋರ್ ಅಲ್ಲ.

ನಿಮ್ಮ
ಮೆಲ್ಚೋರ್ (ಸದ್ಯಕ್ಕೆ)


ಲಿಪಾ
3 ನವೆಂಬರ್ 1993

ಮೆಲ್ಚೋರ್ ಅವರಿಗೆ,

ಮೊನ್ನೆ ಸತ್ತವರ ಹಬ್ಬಕ್ಕೆ ಸಮಾಧಿಯ ಬಳಿ ಮೇಣದ ಬತ್ತಿ ಹಚ್ಚಿ, ನಿಮ್ಮ ಪತ್ರವನ್ನು ಫ್ಲೊರೆನ್ಸಿಯೊಗೆ ಓದಿ ಹೇಳಿದೆ. ಸುಮ್ಮನಿದ್ದರು. ಬದುಕಿದ್ದಾಗಲೂ ಒಪ್ಪಿಗೆ ಇಲ್ಲದಿದ್ದರೆ ಹಾಗೇ ಸುಮ್ಮನಿರುತ್ತಿದ್ದರು.

ನಾನು ಯಾಕೆ ಮಾರುತ್ತಿದ್ದೇನೆ ಎಂದು ನೀವು ಕೇಳಲಿಲ್ಲ. ಹೇಳಿಬಿಡುತ್ತೇನೆ, ಮುಚ್ಚಿಡುವುದರಲ್ಲಿ ನಾನು ದಡ್ಡಿ ಎಂದು ನೀವೇ ತೀರ್ಪು ಕೊಟ್ಟಿದ್ದೀರಿ. ನನ್ನ ಎರಡೂ ಕಣ್ಣುಗಳಲ್ಲಿ ಒತ್ತಡ ಏರುತ್ತಿದೆ. ಆಪರೇಷನ್ ಆಗದಿದ್ದರೆ ದೃಷ್ಟಿ ಹೋಗುತ್ತದೆ, ಹೋದದ್ದು ಮರಳುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ. ಈಗಲೂ ಸಾಲಿನ ಕೆಳಗೆ ಅಡಿಕೋಲು ಇಟ್ಟುಕೊಂಡೇ ಬರೆಯುತ್ತಿದ್ದೇನೆ. ನಿಮ್ಮಿಂದ ಬರುವ ಹಣ ಆ ಕಣ್ಣುಗಳಿಗೆ. ಇದನ್ನು ಕನಿಕರಕ್ಕೆಂದು ಬರೆದಿಲ್ಲ, ಬೆಲೆ ಯಾಕೆ ಇಳಿಸಲಾರೆ ಎಂದು ತಿಳಿಯಲಿ ಎಂದು ಬರೆದೆ.

ಎಂಬತ್ತನಾಲ್ಕು. ನೋಂದಣಿ ನಿಮ್ಮ ಹೆಸರಿಗೆ ಬದಲಾದ ಮೇಲೆಯೇ ಜೀಪು ನನ್ನ ಗೇಟು ದಾಟುವುದು.

ರುಫೀನಾ ಮಲಬನನ್


ಸಾನ್ ರಾಮೋನ್
14 ನವೆಂಬರ್ 1993

ಟೀಚರಮ್ಮ,

ಕಣ್ಣಿನ ವಿಷಯ ಕೇಳಿ ಲೂರ್ದೆಸ್ ದೇವಾಲಯದಲ್ಲಿ ಬತ್ತಿ ಹಚ್ಚಿ ಬಂದಳು. ನಾನೂ ರಾತ್ರಿಯೆಲ್ಲ ಲೆಕ್ಕ ಹಾಕಿದೆ. ಅದಕ್ಕೇ ಒಂದು ದಾರಿ ಹೇಳ್ತೀನಿ, ಇಬ್ಬರಿಗೂ ಲಾಭ.

ನೋಂದಣಿ ಬದಲಾಯಿಸೋದು ಅಂದರೆ ಏನು ಗೊತ್ತಾ? ಪೊಲೀಸರ ಚೀಟಿ, ತೆರಿಗೆ ಚೀಟಿ, ಆ ಕಿಟಕಿ, ಈ ಕಿಟಕಿ, ಐದು ಸಾವಿರ ಗಾಳಿಗೆ. ಅದನ್ನು ಸರ್ಕಾರಕ್ಕೆ ಯಾಕೆ ಕೊಡೋಣ? ನಮ್ಮ ಕಡೆ ಎಲ್ಲರೂ ಮಾಡೋ ಹಾಗೆ ಮಾಡೋಣ. ಕ್ರಯಪತ್ರಕ್ಕೆ ನೀವು ಸಹಿ ಹಾಕಿ. ಕೊಳ್ಳೋನ ಹೆಸರು, ತಾರೀಕು ಎರಡೂ ಖಾಲಿ ಬಿಡಿ. ನಾನು ಯಾವಾಗ ಬೇಕೋ ಆವಾಗ ತುಂಬಿಕೊಳ್ತೀನಿ. ನಾಳೆ ಮಾರಬೇಕಾದರೂ ಸಲೀಸು. ನಮ್ಮೂರಲ್ಲಿ ಹನ್ನೆರಡು ಜೀಪಿವೆ, ಒಂದೂ ಓಡಿಸೋನ ಹೆಸರಲ್ಲಿಲ್ಲ. ಒಂದರ ಮಾಲೀಕ ಸತ್ತು ಏಳು ವರ್ಷ ಆಯ್ತು, ಪಾಪ ಇನ್ನೂ ಅವನೇ ಮಾಲೀಕ!

ಹೆಸರು ಬದಲಾಯಿಸಿದರೆ ಎಪ್ಪತ್ತೊಂದು. ಖಾಲಿ ಬಿಟ್ಟರೆ ಎಪ್ಪತ್ತಾರು. ಕಣ್ಣು ಮುಚ್ಚಿ ಒಪ್ಪಿಕೊಳ್ಳಿ. ಅಯ್ಯೋ, ಕಣ್ಣಿನ ಮಾತು ಬಾಯಿ ತಪ್ಪಿ ಬಂತು, ಕ್ಷಮಿಸಿ.

ಮೆಲ್ಚೋರ್


ಲಿಪಾ
25 ನವೆಂಬರ್ 1993

ಮೆಲ್ಚೋರ್ ಅವರಿಗೆ,

ಪರೀಕ್ಷೆಯ ಕಾಗದದಲ್ಲಿ ಖಾಲಿ ಜಾಗ ಬಿಟ್ಟ ಮಕ್ಕಳ ಕಿವಿ ಹಿಂಡಿದವಳು ನಾನು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದಾದರೂ ಬರೆ ಎನ್ನುತ್ತಿದ್ದೆ. ನಿಮ್ಮ ಪತ್ರ ಓದಿ ಎರಡು ದಿನ ನಿಮ್ಮ ಮೇಲೆ ಸಿಟ್ಟಿನಲ್ಲಿದ್ದೆ. ಆಮೇಲೆ ಡಾಕ್ಟರು ಜನವರಿ ಮೂರನೆಯ ವಾರ ಬನ್ನಿ ಎಂದರು. ಬೇರೆ ಗಿರಾಕಿ ಒಬ್ಬನೂ ಬಂದಿಲ್ಲ. ಸಿಟ್ಟು ನನಗೆ ದುಬಾರಿಯಾಯಿತು.

ಒಪ್ಪಿದ್ದೇನೆ. ಲೆಕ್ಕ ಮಾತ್ರ ನನ್ನದು. ಜೀಪಿನ ಬೆಲೆ ಎಂಬತ್ತು ಸಾವಿರ. ಅದರಲ್ಲಿ ನಾಲ್ಕು ಸಾವಿರ ಬಿಡುತ್ತಿದ್ದೇನೆ. ಅದು ನಿಮಗೆ ಬಿಟ್ಟದ್ದಲ್ಲ, ಬ್ರೇಕಿಗೆ ಬಿಟ್ಟದ್ದು. ಮೊದಲು ಬ್ರೇಕು, ಉಳಿದದ್ದೆಲ್ಲ ಆಮೇಲೆ. ಒಂದು ತಿಂಗಳೊಳಗೆ ಆ ಎರಡು ಖಾಲಿ ಜಾಗಗಳನ್ನು ತುಂಬಿ ನನಗೊಂದು ಪ್ರತಿ ಕಳಿಸಬೇಕು. ಡಿಸೆಂಬರ್ ಹದಿಮೂರು, ಸೋಮವಾರ ಬನ್ನಿ. ಕಾಫಿ ಎರಡು ಲೋಟ ಮಾತ್ರ.

ರುಫೀನಾ ಮಲಬನನ್


ಸಾನ್ ರಾಮೋನ್
22 ಡಿಸೆಂಬರ್ 1993

ನಮ್ಮ ಪ್ರೀತಿಯ ಟೀಚರಮ್ಮ,

ಹೆಣ್ಣು ಮಗು! ಹದಿನೇಳನೇ ತಾರೀಕು. ಪೆರ್ಲಿತಾ ಅಂತ ಹೆಸರಿಟ್ಟಿದೀವಿ. ತಾಯಿ ಮಗು ಚೆನ್ನಾಗಿದಾರೆ. ಮಗು ಕಣ್ಣು ಬಿಟ್ಟಾಗ ಜೀಪು ಮನೆ ಮುಂದೆ ನಿಂತಿತ್ತು.

ಜೀಪನ್ನ ನೀವು ಈಗ ನೋಡಬೇಕು. ಹಣೆ ಮೇಲೆ ಕೆಂಪು ಹಳದಿ ಅಕ್ಷರದಲ್ಲಿ ಪೆರ್ಲಿತಾ ಅಂತ ಬರೆಸಿದೀನಿ. ಬಾನೆಟ್ ಮೇಲೆ ಹೊಳೆಯೋ ಕುದುರೆ. ಬರೆಯೋನು ಮಹಾ ಕಸುಬುಗಾರ, ಕುದುರೆ ಸೇರಿ ನಾಲ್ಕು ಸಾವಿರದ ಹತ್ತಿರ ಕಿತ್ತುಕೊಂಡ. ಹೋಗಲಿ, ಮಗಳಿಗಿಂತ ಹೆಚ್ಚಾ? ಭಾನುವಾರ ಪಾದ್ರಿ ಬಂದು ಪವಿತ್ರ ಜಲ ಹಾಕಿದರು. ಅವರು ಹೋದ ಮೇಲೆ ನಮ್ಮಮ್ಮ ಬಿಳಿ ಹುಂಜದ ಕತ್ತು ಕೊಯ್ದು ನಾಲ್ಕೂ ಚಕ್ರಕ್ಕೆ ರಕ್ತ ಹಚ್ಚಿದಳು. ಚಕ್ರ ರಕ್ತ ಕುಡಿದಾಯ್ತು, ಇನ್ನು ಮನುಷ್ಯರ ರಕ್ತ ಕೇಳಲ್ಲ ಅಂದಳು. ಆ ಹುಂಜದ ಸಾರು ಊರಿಗೆಲ್ಲ ಹಂಚಿದೆವು. ನಿಮ್ಮ ಹೆಸರಲ್ಲೂ ಒಂದು ಬಟ್ಟಲು ಇಟ್ಟಿದ್ದೆವು, ನಾನೇ ಕುಡಿದೆ.

ಕ್ರಿಸ್‌ಮಸ್ ಶುಭಾಶಯ.

ನಿಮ್ಮ ಮೆಲ್ಚೋರ್, ಲೂರ್ದೆಸ್, ಪೆರ್ಲಿತಾ


ಲಿಪಾ
10 ಜನವರಿ 1994

ಪ್ರಿಯ ಮೆಲ್ಚೋರ್,

ಪೆರ್ಲಿತಾಳಿಗೆ ನನ್ನ ಆಶೀರ್ವಾದ. ಇದರ ಜೊತೆ ಒಂದು ಉಣ್ಣೆಯ ಟೋಪಿ ಇದೆ. ಹೊಲಿಗೆ ಸೊಟ್ಟಗಿದ್ದರೆ ನನ್ನ ಕಣ್ಣನ್ನು ಬೈಯಿರಿ.

ರಕ್ತದಲ್ಲಿ ಸಕ್ಕರೆ ಹೆಚ್ಚಾಗಿದೆಯೆಂದು ನನ್ನ ಆಪರೇಷನ್ನನ್ನು ಏಪ್ರಿಲ್ ಮೊದಲ ವಾರಕ್ಕೆ ಹಾಕಿದ್ದಾರೆ. ಹಣ ಬ್ಯಾಂಕಿನಲ್ಲಿದೆ.

ನಿಮ್ಮ ಪತ್ರದಲ್ಲಿ ಕುದುರೆ ಇತ್ತು, ಹುಂಜ ಇತ್ತು, ಪಾದ್ರಿ ಇದ್ದರು. ಬ್ರೇಕು ಇರಲಿಲ್ಲ. ಮಾಡಿಸಿದಿರಾ? ಕ್ರಯಪತ್ರದ ಪ್ರತಿಯೂ ಬಂದಿಲ್ಲ.

ನಿಮ್ಮ
ರುಫೀನಾ ಟೀಚರ್


ಲಿಪಾ
2 ಮಾರ್ಚ್ 1994

ಪ್ರಿಯ ಮೆಲ್ಚೋರ್,

ಜನವರಿಯ ಪತ್ರಕ್ಕೆ ನಿಮ್ಮಿಂದ ಉತ್ತರ ಬರಲಿಲ್ಲ. ಮಗುವಿನ ಮನೆ, ಪುರಸೊತ್ತಿಲ್ಲ ಎಂದುಕೊಂಡೆ. ಈಗ ಪುರಸೊತ್ತು ಮಾಡಿಕೊಳ್ಳಲೇಬೇಕು.

ನಿನ್ನೆ ಮಿಂಡೊರೊದಿಂದ ಇಬ್ಬರು ಪೊಲೀಸರು ಬಂದಿದ್ದರು. ಫೆಬ್ರವರಿ ಇಪ್ಪತ್ತೊಂದರಂದು, ನಿಮ್ಮೂರಿನಿಂದ ಮೂರು ಊರು ಆಚೆ, ಒಂದು ಜೀಪು ಹೆಣ್ಣು ಮಗುವೊಂದಕ್ಕೆ ಹೊಡೆದು ನಿಲ್ಲಿಸದೆ ಹೋಗಿದೆ. ಮಗು ಅಲ್ಲೇ ತೀರಿಕೊಂಡಿದೆ. ಎಂಟು ವರ್ಷ. ಯಾರೋ ಹಿಂದಿನಿಂದ ನಂಬರು ನೋಡಿದ್ದಾರೆ. ಅದು ನನ್ನ ಜೀಪಿನ ನಂಬರು.

"ಮಾರಿದ್ದೇನೆ" ಎಂದೆ. ಸಾರ್ಜೆಂಟ್ ನಕ್ಕ. "ಎಲ್ಲರೂ ಹಾಗೇ ಅಂತಾರೆ ಅಮ್ಮ. ಕಾಗದ ಎಲ್ಲಿ?" ನನ್ನ ಪ್ರತಿಯನ್ನು ತೋರಿಸಿದೆ. ಹೆಸರಿಲ್ಲ, ತಾರೀಕಿಲ್ಲ, ನನ್ನ ಸಹಿ ಮಾತ್ರ ಇದೆ. "ಇದರಲ್ಲಿ ನಾನು ನನ್ನ ಹೆಸರೂ ಬರಕೋಬಹುದು, ನಮ್ಮ ನಾಯಿ ಹೆಸರೂ ಬರಕೋಬಹುದು. ಕಾನೂನಿಗೆ ನೀವೇ ಮಾಲೀಕರು. ಕೊಂಡೋನು ಯಾರು, ಹೇಳಿ."

ನಾನು ಹೇಳಲಿಲ್ಲ. ಮೊದಲು ಅವನಿಗೆ ಬರೆಯುತ್ತೇನೆ, ಸ್ವಲ್ಪ ದಿನ ಕೊಡಿ ಎಂದೆ.

ತರಗತಿಯಲ್ಲಿ ಏನಾದರೂ ಕಳುವಾದರೆ ನಾನು ಯಾರ ಚೀಲವನ್ನೂ ತಡಕುತ್ತಿರಲಿಲ್ಲ. ಕರಿಹಲಗೆಯ ಕಡೆ ಮುಖ ಮಾಡಿ ನಿಂತು ಹತ್ತರವರೆಗೆ ಎಣಿಸುತ್ತಿದ್ದೆ. ತಿರುಗುವಷ್ಟರಲ್ಲಿ ವಸ್ತು ಮೇಜಿನ ಮೇಲಿರುತ್ತಿತ್ತು. ಮೂವತ್ತಾರು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲ.

ನೀವು ಜೀಪನ್ನು ಬೇರೆಯವರಿಗೆ ಮಾರಿರಬೇಕು, ಇಲ್ಲವೇ ಯಾರೋ ಕದ್ದಿರಬೇಕು. ಹಾಗಿದ್ದರೆ ಎರಡು ಸಾಲು ಬರೆಯಿರಿ. ಪೊಲೀಸರಿಗೆ ಆ ಕಾಗದ ಕೊಟ್ಟರೆ ಸಾಕು.

ರುಫೀನಾ ಟೀಚರ್


12 ಮಾರ್ಚ್ 1994

ಶ್ರೀಮತಿ ಮಲಬನನ್ ಅವರಿಗೆ,

ಜೀಪನ್ನು ಜನವರಿಯಲ್ಲೇ ಒಬ್ಬನಿಗೆ ಮಾರಿದ್ದೇನೆ. ದಕ್ಷಿಣದ ಕಡೆಯವನು. ಹೆಸರು ನೆನಪಿಲ್ಲ. ನಿಮ್ಮ ಖಾಲಿ ಕ್ರಯಪತ್ರವನ್ನೇ ಅವನಿಗೂ ಕೊಟ್ಟೆ. ಅವನು ಯಾರಿಗೆ ಮಾರಿದನೋ ದೇವರಿಗೇ ಗೊತ್ತು. ಇದರಲ್ಲಿ ನನ್ನದೇನೂ ಇಲ್ಲ.

ಯಾರನ್ನು ಅಂತ ದೂರೋದು? ಮಳೆ ಸುರೀತಿರುವಾಗ, ಶಾಲೆ ಮುಂದಿನ ಆ ಇಳಿಜಾರಿನಲ್ಲಿ, ಮಗು ಹಳದಿ ಛತ್ರಿ ಮುಖಕ್ಕೆ ಅಡ್ಡ ಹಿಡಿದು ಓಡಿ ಬಂದರೆ ಯಾರು ತಾನೇ ಏನು ಮಾಡೋಕಾಗುತ್ತೆ? ಬ್ರೇಕು ಹಾಳಾಗಿದೆ ಅಂತ ನೀವೇ ನಿಮ್ಮ ಕೈಯಾರೆ ಬರೆದ ಪತ್ರ ನನ್ನ ಹತ್ತಿರ ಇದೆ. ಹಾಳಾದ ಬ್ರೇಕಿನ ಗಾಡಿ ಮಾರಿದ್ದು ಯಾರು ಅಂತಲೂ ನ್ಯಾಯಾಧೀಶರು ಕೇಳ್ತಾರೆ. ಯೋಚನೆ ಮಾಡಿ.

ಇನ್ನು ಮುಂದೆ ಪತ್ರ ಬರೆಯಬೇಡಿ.

ಎಂ. ಫಬೆಲಾ


ಲಿಪಾ
22 ಮಾರ್ಚ್ 1994

ಮೆಲ್ಚೋರ್,

ಇನ್ನು ನಿನ್ನನ್ನು ನೀನು ಎಂದೇ ಕರೆಯುತ್ತೇನೆ. ನನ್ನ ಮುಂದೆ ಸುಳ್ಳು ಹೇಳಿದ ಹುಡುಗರನ್ನು ನಾನು ಬಹುವಚನದಲ್ಲಿ ಕರೆದದ್ದಿಲ್ಲ.

ಮಳೆ ಎಂದು ನಾನು ಬರೆದಿರಲಿಲ್ಲ. ಶಾಲೆ ಎಂದು ಬರೆದಿರಲಿಲ್ಲ. ಛತ್ರಿಯ ವಿಷಯ ಪೊಲೀಸರು ನನಗೆ ಹೇಳಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಪತ್ರವನ್ನು ನಾಲ್ಕು ಸಲ ಓದಿದೆ, ಕಣ್ಣು ಮೋಸ ಮಾಡುತ್ತಿದೆಯೇನೋ ಎಂದು. ಮೋಸ ಕಣ್ಣಿನದಾಗಿದ್ದರೆ ಎಷ್ಟೋ ಚೆನ್ನಾಗಿತ್ತು.

ಭಾನುವಾರ ಸಾರ್ಜೆಂಟ್ ಆ ಮಗುವಿನ ಅಪ್ಪನನ್ನು ಕರೆದುಕೊಂಡು ಬಂದಿದ್ದ. ಹೆಸರು ಇಸಿದ್ರೊ, ಕೊಬ್ಬರಿ ಒಣಗಿಸುವ ಕೆಲಸ. ಮಗುವಿನ ಹೆಸರು ಮಾರಿಸೆಲ್. ನೀನು ಆ ಹೆಸರನ್ನು ಕೇಳಿರಲಾರೆ, ಅದಕ್ಕೇ ಬರೆದೆ. ಡಿಸೆಂಬರಿನಲ್ಲಿ ನೀನು ನೋಟು ಎಣಿಸುತ್ತ ಕೂತಿದ್ದ ಕುರ್ಚಿಯಲ್ಲೇ ಅವನು ಕೂತ. ಕೋರ್ಟಿಗೆ ಹೋಗದೆ ರಾಜಿ ಮಾಡಿಸುತ್ತೇನೆ ಎಂದು ಸಾರ್ಜೆಂಟ್ ಶುರು ಮಾಡಿದ.

"ಎಂಟು ವರ್ಷದ ಮಗು. ದುಡಿಯೋ ವಯಸ್ಸೇನಲ್ಲ. ನಲವತ್ತಕ್ಕೆ ಮುಗಿಸೋಣ ಇಸಿದ್ರೊ. ಈ ಅಮ್ಮನಿಗೂ ವಯಸ್ಸಾಗಿದೆ."

ಇಸಿದ್ರೊ ತಲೆ ಬಗ್ಗಿಸಿಕೊಂಡೇ ಕೂತಿದ್ದ.

"ಹೋಗಲಿ, ನಲವತ್ತೈದು. ಟೀಚರಮ್ಮ, ಐವತ್ತಾಗುತ್ತಾ ನೋಡಿ. ಐವತ್ತು ಅಂದ್ರೆ ಒಳ್ಳೆ ರೇಟು ಕಣಯ್ಯ."

ಎರಡೂ ಕಡೆಯ ಚೌಕಾಸಿಯನ್ನು ಅವನೊಬ್ಬನೇ ಮಾಡುತ್ತಿದ್ದ. ನಾವು ಪತ್ರದಲ್ಲಿ ಆಡಿದ ಆಟವೇ ಅದು ಮೆಲ್ಚೋರ್. ಆಗ ನನಗೆ ಖುಷಿಯಾಗಿತ್ತು. ನಿನ್ನ ಪತ್ರ ಬರುವ ದಿನ ಗೇಟಿನ ಬಳಿ ಕಾಯುತ್ತಿದ್ದೆ. ಭಾನುವಾರ ಅದನ್ನು ಕೇಳಲಾಗಲಿಲ್ಲ.

ಕೊನೆಗೆ ಇಸಿದ್ರೊ ತಲೆ ಎತ್ತಿದ. "ಆ ಜೀಪು ಎಷ್ಟಕ್ಕೆ ಮಾರಿದ್ರಿ ಟೀಚರಮ್ಮ?"

"ಎಪ್ಪತ್ತಾರು ಸಾವಿರ."

"ಹಾಗಾದ್ರೆ ಅಷ್ಟು ಕೊಡಿ. ಜಾಸ್ತಿ ಬೇಡ. ನನ್ನ ಮಗಳು ಜೀಪಿಗಿಂತ ಅಗ್ಗ ಆಗೋದು ಬೇಡ."

ಸಾರ್ಜೆಂಟ್ ಇನ್ನೇನೋ ಹೇಳಲು ಹೋದ. ಇಸಿದ್ರೊ ಅವನ ಕಡೆ ತಿರುಗಿಯೂ ನೋಡಲಿಲ್ಲ. ಸೋಮವಾರ ಬ್ಯಾಂಕಿನಿಂದ ತಂದು ಎಂಬತ್ತು ಸಾವಿರ ಕೊಟ್ಟೆ. ನಾಲ್ಕು ಜಾಸ್ತಿ ಯಾಕೆ ಎಂದು ಅವನು ಕೇಳಿದ. ಆ ನಾಲ್ಕು ಸಾವಿರ ಒಂದು ವಸ್ತುವಿಗೆಂದು ಬಿಟ್ಟದ್ದು, ಅದು ಆಗಲಿಲ್ಲ ಎಂದೆ. ನನ್ನ ಆಪರೇಷನ್ ಇನ್ನಿಲ್ಲ. ಇದನ್ನೂ ಕನಿಕರಕ್ಕೆಂದು ಬರೆದಿಲ್ಲ.

ರಾಜಿಯ ಕಾಗದದಲ್ಲಿ ಚಾಲಕನ ಹೆಸರು ಎಂದು ಒಂದು ಜಾಗವಿದೆ. ಅದನ್ನು ಖಾಲಿ ಬಿಟ್ಟೆ. ಬದುಕಿನಲ್ಲಿ ಎರಡನೆಯ ಸಲ ಹೀಗೆ ಬಿಟ್ಟದ್ದು, ಎರಡೂ ನಿನಗಾಗಿ. "ದುಡ್ಡು ಆಯ್ತು. ಹೆಸರು?" ಎಂದ ಇಸಿದ್ರೊ. ಅವನೇ ಬಂದು ಹೇಳುತ್ತಾನೆ, ಅವನು ಕೆಟ್ಟವನಲ್ಲ ಎಂದೆ. ಮಗಳ ನಲವತ್ತನೆಯ ದಿನದ ಪೂಜೆ ಮುಗಿಸಿ, ಕಾಗದದ ಪ್ರತಿ ಕೊಡಲು ಬರುತ್ತೇನೆ, ಆಗ ಹೇಳಿ ಎಂದು ಹೋದ.

ನಿನ್ನ ಅಷ್ಟೂ ಪತ್ರಗಳು ನಿನ್ನ ಸಹಿಯ ಸಮೇತ ಬಿಸ್ಕತ್ತಿನ ಡಬ್ಬಿಯಲ್ಲಿವೆ. ಈಗಲೇ ಪೊಲೀಸರಿಗೆ ಕೊಡಬಹುದು. ಕೊಟ್ಟಿಲ್ಲ. ಪೆರ್ಲಿತಾಳಿಗೆ ಮೂರು ತಿಂಗಳು. ಹಿಡಿದು ತಂದವನ ಮಗಳಾಗಿ ಬೆಳೆಯುವುದು ಬೇರೆ, ತಾನಾಗಿ ಎದ್ದು ನಿಂತವನ ಮಗಳಾಗಿ ಬೆಳೆಯುವುದು ಬೇರೆ.

ಗೋಡೆಗೆ ಮುಖ ಮಾಡಿ ನಿಂತಿದ್ದೇನೆ. ಎಣಿಸುತ್ತಿದ್ದೇನೆ.

ರುಫೀನಾ ಟೀಚರ್


ಸಾನ್ ರಾಮೋನ್
4 ಏಪ್ರಿಲ್ 1994

ಟೀಚರಮ್ಮ,

ನಾನೇ. ಹೌದು, ನಾನೇ.

ಎರಡು ಸಲ ತುಳಿದೆ ಟೀಚರಮ್ಮ. ನೀವು ಬರೆದಿದ್ದ ಹಾಗೇ ಎರಡು ಸಲ ತುಳಿದೆ. ಮೊದಲನೇ ಸಲ ಕಾಲು ತಳ ಮುಟ್ಟಿತು. ಎರಡನೇ ಸಲ ತುಳಿಯೋಷ್ಟರಲ್ಲಿ ಛತ್ರಿ ಗಾಜಿನ ಮೇಲೆ ಬಂತು. ಕನ್ನಡಿಯಲ್ಲಿ ನೋಡಿದೆ, ಅಲ್ಲಾಡಲಿಲ್ಲ. ನಿಲ್ಲಿಸಬೇಕು ಅಂದುಕೊಂಡೆ, ದೇವರಾಣೆ. ಕಾಲು ಕೇಳಲಿಲ್ಲ. ಬ್ರೇಕಿನ ದುಡ್ಡು ಎಲ್ಲಿ ಹೋಯ್ತು ಅಂತ ನಿಮಗೆ ಗೊತ್ತು. ಹೆಸರು ಬರೆಸಿದೆ, ಕುದುರೆ ಹಾಕಿಸಿದೆ. ಹುಂಜದ ರಕ್ತ ಹಚ್ಚಿದ ಮೇಲೆ ಏನೂ ಆಗಲ್ಲ ಅಂತ ನಂಬಿದ್ದೆ. ಮುಂದಿನ ತಿಂಗಳು, ಮುಂದಿನ ತಿಂಗಳು ಅಂತ ತಳ್ಳಿದೆ. ಹೆಸರನ್ನು ಈಗ ಉಳಿಯಲ್ಲಿ ಕೆರೆದು ಹಾಕಿದೀನಿ. ಜೀಪು ಮಾರ್ಕೆಟ್ಟಿನ ಹಿಂದೆ, ನಮ್ಮನೆ ಪಕ್ಕದ ಕೊಟ್ಟಿಗೆಯಲ್ಲಿ ಗೋಣಿ ಹೊದ್ದು ನಿಂತಿದೆ. ಲೂರ್ದೆಸ್ ನನ್ನ ಮುಖ ನೋಡಿ ಮಾತಾಡಿ ಒಂದು ತಿಂಗಳಾಯ್ತು.

ಕಳೆದ ಸಲ ಹೆದರಿಸಿ ಬರೆದೆ. ಅದಕ್ಕೆ ನನ್ನ ಬಾಯಿಗೆ ಹುಳ ಬೀಳಲಿ.

ಠಾಣೆ ಬಾಗಿಲ ತನಕ ಎರಡು ಸಲ ಹೋಗಿ ವಾಪಸು ಬಂದೆ. ಒಳಗೆ ಹಾಕಿದರೆ ವರ್ಷಗಟ್ಟಲೆ ಟೀಚರಮ್ಮ. ಪೆರ್ಲಿತಾಗೆ ಅಪ್ಪ ಯಾರು ಅಂತ ಗೊತ್ತಾಗಲ್ಲ. ಒಂದು ಮಾತು ಕೇಳ್ತೀನಿ, ಕೋಪ ಮಾಡ್ಕೋಬೇಡಿ. ಆ ಅಪ್ಪನಿಗೆ ದುಡ್ಡು ಸಿಕ್ಕಿದೆ. ಮಗು ಅಂತೂ ತಿರುಗಿ ಬರಲ್ಲ. ಇದರ ಜೊತೆ ನಾಲ್ಕು ಸಾವಿರ ಇಟ್ಟಿದೀನಿ. ತಿಂಗಳಿಗೆ ಐನೂರು ಕಳಿಸ್ತೀನಿ, ಬೇಕಾದರೆ ಏಳುನೂರು, ನಿಮ್ಮ ಕಣ್ಣಿಗೆ. ಹೆಸರು ಮಾತ್ರ ಹೇಳಬೇಡಿ. ಅದು ಆಗಲ್ಲ ಅಂದರೆ ಇಷ್ಟಾದರೂ ಮಾಡಿ, ಆ ಹತ್ತನ್ನು ಇಪ್ಪತ್ತು ಮಾಡಿ. ಮಗು ಅಪ್ಪಾ ಅನ್ನೋ ತನಕ. ಆಮೇಲೆ ನಾನೇ ಹೋಗ್ತೀನಿ.

ದುಡ್ಡು ಕಾಣಬಾರದು ಅಂತ ಉದ್ದನೆ ಕಂದು ಲಕೋಟೆಗೆ ಹಾಕಿದೀನಿ. ಹೊರಗೆ ನನ್ನ ಹೆಸರು ಬರೆದಿಲ್ಲ. ಸೆಸಾರಣ್ಣ ಆಚೆ ದಡದಲ್ಲಿ ಅಂಚೆಗೆ ಹಾಕ್ತಾನೆ. ಓದಿ ಸುಟ್ಟುಬಿಡಿ.

ಪೆರ್ಲಿತಾಳ ಅಪ್ಪ
ಮೆಲ್ಚೋರ್


ಬತಾಂಗಾಸ್ ಹಡಗುಕಟ್ಟೆ
14 ಏಪ್ರಿಲ್ 1994, ಮಧ್ಯಾಹ್ನ ಎರಡು ಗಂಟೆ

ಮೆಲ್ಚೋರ್,

ಅಕ್ಷರ ಒಂದರ ಮೇಲೊಂದು ಬಿದ್ದಿದ್ದರೆ ಹೇಗೋ ಓದಿಕೋ. ಅಡಿಕೋಲನ್ನು ಬೆರಳಿನಲ್ಲಿ ಮುಟ್ಟಿ ಮುಟ್ಟಿ ಬರೆಯುತ್ತಿದ್ದೇನೆ. ಎಡಗಣ್ಣು ಈಸ್ಟರಿಗೆ ಮುಂಚಿನ ಪವಿತ್ರ ವಾರದಲ್ಲೇ ಹೋಯಿತು. ಬಲಗಣ್ಣಿನಲ್ಲಿ ಬೆಳಕು ಕತ್ತಲೆ ಎಂದಷ್ಟೇ ತಿಳಿಯುತ್ತದೆ.

ನಿನ್ನ ಪತ್ರ ಇವತ್ತು ಬೆಳಿಗ್ಗೆ ಬಂತು. ಉದ್ದನೆಯ ಲಕೋಟೆ, ದಪ್ಪಗಿತ್ತು. ನೀನು ಯಾವತ್ತೂ ಚಿಕ್ಕ ನೀಲಿ ಲಕೋಟೆಯಲ್ಲಿ ಬರೆಯುತ್ತಿದ್ದೆ. ಕೈಯಲ್ಲಿ ತಡವಿ ನೋಡಿ, ಕಣ್ಣಾಸ್ಪತ್ರೆಯ ಕಾಗದ ಎಂದುಕೊಂಡೆ. ಬಡವರಿಗೆ ಸಹಾಯ ಮಾಡುತ್ತಾರೆಂದು ಕೇಳಿ ಅವರಿಗೊಂದು ಅರ್ಜಿ ಹಾಕಿದ್ದೆ. ಆಸೆ ನೋಡು, ಎಷ್ಟು ಬೇಗ ನಂಬಿಬಿಡುತ್ತದೆ.

ಆಗಲೇ ಇಸಿದ್ರೊ ಬಂದ. ಹೇಳಿದ್ದ ಹಾಗೆ ರಾಜಿಯ ಕಾಗದದ ಪ್ರತಿ ತಂದಿದ್ದ. ಮಗಳ ಪೂಜೆಯಲ್ಲಿ ಮಾಡಿದ ಹಾಗೆಯೇ ಎಲೆಯಲ್ಲಿ ಸುತ್ತಿದ ಅಕ್ಕಿಯ ಕಡುಬನ್ನೂ ಮಾಡಿಸಿ ತಂದಿದ್ದ. ಕೂರಿಸಿ ಕಾಫಿ ಕೊಟ್ಟು, ಒಂದು ಕಾಗದ ಓದಿ ಹೇಳುತ್ತೀಯಾ ಎಂದೆ. "ನಾನು ಸರಿಯಾಗಿ ಓದಿದೋನಲ್ಲ ಟೀಚರಮ್ಮ. ಮಾರಿಸೆಲ್ ಹೇಳಿಕೊಟ್ಟಷ್ಟು ಬರುತ್ತೆ" ಎಂದ. ಅಷ್ಟೇ ಸಾಕು, ಇದೊಂದು ಓದಪ್ಪ ಎಂದು ಲಕೋಟೆಯನ್ನು ನಾನೇ, ನನ್ನ ಕೈಯಿಂದಲೇ, ಅವನಿಗೆ ಕೊಟ್ಟೆ.

"ಟೀಚರಮ್ಮ. ನಾನೇ. ಹೌದು, ನಾನೇ" ಎಂದು ಓದಿದ. ನನಗೆ ತಿಳಿದುಹೋಯಿತು. ಸಾಕು, ನಿಲ್ಲಿಸಪ್ಪ ಎಂದೆ. ಅವನು ನಿಲ್ಲಿಸಲಿಲ್ಲ. ಒಂದೊಂದೇ ಅಕ್ಷರ ಕೂಡಿಸಿ ಓದಿದ. ಛತ್ರಿ ಬಂದಾಗ ಒಂದು ಸಲ ನಿಂತ. ಆಮೇಲೆ ಮತ್ತೆ ಓದಿದ. ಐನೂರನ್ನು ಓದಿದ, ಏಳುನೂರನ್ನು ಓದಿದ. ಹತ್ತನ್ನು ಇಪ್ಪತ್ತು ಮಾಡಿ ಎಂಬುದನ್ನು ಅರ್ಥವಾಗದವನ ಹಾಗೆ ಎರಡು ಸಲ ಓದಿದ. ನಿನ್ನ ಮಗಳ ಹೆಸರು ಓದಿದ. ನಿನ್ನ ಹೆಸರು ಓದಿದ. ಮೇಲಿದ್ದ ಊರಿನ ಹೆಸರನ್ನು ಕೊನೆಗೆ ಓದಿದ.

"ಸಾನ್ ರಾಮೋನ್. ಮಾರ್ಕೆಟ್ಟಿನ ಹಿಂದೆ" ಎಂದ, ತನಗೇ ಹೇಳಿಕೊಳ್ಳುವ ಹಾಗೆ.

"ಇಸಿದ್ರೊ, ಅವನಿಗೆ ನಾಲ್ಕು ತಿಂಗಳ ಮಗು ಇದೆ."

"ನನಗೆ ಎಂಟು ವರ್ಷದ್ದಿತ್ತು ಟೀಚರಮ್ಮ."

ಪತ್ರ ಮಡಿಸಿ ನನ್ನ ಕೈಗೆ ಕೊಟ್ಟ. ನೋಟುಗಳನ್ನು ಎಣಿಸದೆ ಮೇಜಿನ ಮೇಲಿಟ್ಟ. ತಣ್ಣಗಾಗಿದ್ದ ಕಾಫಿಯನ್ನು ಪೂರ್ತಿ ಕುಡಿದ. ಗೇಟಿನ ಸದ್ದಾಯಿತು. ಹನ್ನೆರಡರ ಹಡಗು ಹಿಡಿದಿರಬೇಕು.

ಎಲ್ಲಿಗೆ ಹೋದ ಎಂದು ನನಗೆ ತಿಳಿಯದು. ಠಾಣೆಗೇ ಇರಬಹುದು ಎಂದು ಬೇಡಿಕೊಳ್ಳುತ್ತಿದ್ದೇನೆ. ಪಕ್ಕದ ಮನೆಯವರ ಕೈ ಹಿಡಿದು ಹಡಗುಕಟ್ಟೆಗೆ ಬಂದಿದ್ದೇನೆ, ನಿನ್ನ ಸೆಸಾರಣ್ಣ ಪಕ್ಕದಲ್ಲಿ ನಿಂತಿದ್ದಾನೆ. ಮೂರರ ಹಡಗಿಗೆ ಈ ಪತ್ರವನ್ನೂ ಆ ನಾಲ್ಕು ಸಾವಿರವನ್ನೂ ತರುತ್ತಾನೆ. ಅವನು ನಿನ್ನ ಬಾಗಿಲಿಗೆ ಬರುವಷ್ಟರಲ್ಲಿ ತಡವಾಗಿರದಿದ್ದರೆ, ಅಂಗಿ ಹಾಕಿಕೊಳ್ಳಲೂ ನಿಲ್ಲಬೇಡ. ಕ್ರಯಪತ್ರ ತೆಗೆದುಕೊಂಡು ಠಾಣೆಗೆ ಓಡು. ಲೂರ್ದೆಸ್ ಮತ್ತು ಮಗು ಇಬ್ಬರನ್ನೂ ಕರೆದುಕೊಂಡು ಓಡು. ಆ ಎರಡು ಜಾಗಗಳನ್ನು ಅವರ ಮುಂದೆಯೇ ತುಂಬು.

ಎಣಿಸುವುದು ಇನ್ನು ನನ್ನ ಕೈಯಲ್ಲಿಲ್ಲ. ಅವನು ನಿನಗಿಂತ ಮೊದಲು ಬಂದು ಎದುರಿಗೆ ನಿಂತರೆ, ನಿನ್ನ ಮಾತಿನ ಚಮತ್ಕಾರವನ್ನೆಲ್ಲ ಬಿಟ್ಟು ಅವನ ಮಗಳ ಹೆಸರು ಹೇಳು. ಮಾರಿಸೆಲ್. ಬೇರೇನೂ ಹೇಳಬೇಡ. ನಾನು ಅವನ ಎದುರು ನನ್ನ ಮನೆಯ ಮೇಜಿನ ಮುಂದೆ ಮೂರು ಸಲ ಕೂತಿದ್ದೇನೆ ಮೆಲ್ಚೋರ್. ಅವನಿಗೆ ಚೌಕಾಸಿ ಬರುವುದಿಲ್ಲ.

ರುಫೀನಾ ಟೀಚರ್